ಯೋಬನಿಗೆ ಕೇಳಿದ ಪ್ರಶ್ನೆ: ಫ್ಯಾಂಟಸಿ ಸಾಹಿತ್ಯದಲ್ಲಿ ಡ್ರ್ಯಾಗನ್ನಿನ ಆಕರ್ಷಣೆ ಕುರಿತು ಒಂದು ದೈವಶಾಸ್ತ್ರೀಯ ವಿಮರ್ಶೆ

ಪ್ರಕಟನೆ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ, ಪ್ರಸವವೇದನೆಯಲ್ಲಿರುವ ಸ್ತ್ರೀಯ ಮುಂದೆ ಕಾದು ನಿಲ್ಲುವ ಏಳು ತಲೆಗಳ ಕೆಂಪು ಮೃಗವನ್ನು ಕನ್ನಡ ಬೈಬಲ್ 'ಘಟಸರ್ಪ'ವೆಂದು ಕರೆಯುತ್ತದೆ. ಗ್ರೀಕ್ ಮೂಲದಲ್ಲಿರುವ ಪದ 'ದ್ರಾಕೋನ್'. ಅದೇ ಪದವು ಲತೀನ್ ಮತ್ತು ಫ್ರೆಂಚ್ ಭಾಷೆಗಳ ಮೂಲಕ ಸಾಗಿ ಇಂಗ್ಲಿಷಿನಲ್ಲಿ 'ಡ್ರ್ಯಾಗನ್' ಆಗಿದೆ. ಅನುವಾದಕರ ಆಯ್ಕೆಗೆ ಕಾರಣವಿಲ್ಲದಿಲ್ಲ. ಆದರೆ ಅದರ ಫಲವಾಗಿ ಒಂದೇ ಪ್ರಾಣಿ ನಮ್ಮ ವಿಶ್ವಾಸಿಗಳ ಮನಸ್ಸಿನಲ್ಲಿ ಎರಡಾಗಿದೆ. ವಾಚನಪೀಠದಿಂದ ಕೇಳಿಬರುವ ಘಟಸರ್ಪ ಒಂದು. ಯುವಜನರು ಇಂಗ್ಲಿಷ್ ಕಾದಂಬರಿಗಳಲ್ಲಿ ಓದುವ, ತೆರೆಯ ಮೇಲೆ ನೋಡುವ ಡ್ರ್ಯಾಗನ್ ಇನ್ನೊಂದು. ಮೊದಲನೆಯದನ್ನು ತ್ಯಜಿಸಬೇಕೆಂದು ನಾವು ಬೋಧಿಸುತ್ತೇವೆ. ಎರಡನೆಯದನ್ನು ಅವರು ಪ್ರೀತಿಸುತ್ತಾರೆ.

ಈ ಪ್ರೀತಿ ಅಲ್ಪಕಾಲದ್ದಲ್ಲ. ಜೆ. ಆರ್. ಆರ್. ಟೋಲ್ಕಿನ್ನರ 'ದಿ ಹಾಬಿಟ್' 1937ರಲ್ಲಿ ಪ್ರಕಟವಾಯಿತು. 1968ರಲ್ಲಿ ಆ್ಯನ್ ಮೆಕ್ಯಾಫ್ರಿಯವರ 'ಡ್ರ್ಯಾಗನ್‌ಫ್ಲೈಟ್' ಮತ್ತು ಉರ್ಸುಲಾ ಲೆ ಗ್ವಿನ್ನರ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಒಂದೇ ವರ್ಷ ಹೊರಬಂದವು. 1974ರಲ್ಲಿ ಆರಂಭವಾದ ಪಾತ್ರಾಭಿನಯದ ಆಟವೊಂದು ತನ್ನ ಹೆಸರಿನಲ್ಲಿಯೇ ಡ್ರ್ಯಾಗನ್ನನ್ನು ಇಟ್ಟುಕೊಂಡಿತು. ಜಾರ್ಜ್ ಆರ್. ಆರ್. ಮಾರ್ಟಿನ್ನರ ಸರಣಿ 1996ರಲ್ಲಿ ಆರಂಭವಾಗಿ, 2011ರಿಂದ 2019ರವರೆಗೆ ದೂರದರ್ಶನ ಧಾರಾವಾಹಿಯಾಗಿ ಜಗತ್ತನ್ನೆಲ್ಲ ಸುತ್ತಿತು. 2023ರಲ್ಲಿ ರೆಬೆಕಾ ಯಾರೋಸ್ ಬರೆದ 'ಫೋರ್ತ್ ವಿಂಗ್' ಮತ್ತೊಂದು ತಲೆಮಾರಿನ ಓದುಗರನ್ನು ಅದೇ ಮೃಗದ ಬೆನ್ನೇರಿಸಿತು. ಡ್ರ್ಯಾಗನ್ ಇಲ್ಲವೆಂಬುದು ಈ ಓದುಗರಿಗೆಲ್ಲ ಗೊತ್ತು. ಇಲ್ಲದ ಪ್ರಾಣಿಯೊಂದನ್ನು ಇಷ್ಟು ಮಂದಿ ಇಷ್ಟು ಕಾಲ ಹಂಬಲಿಸುವುದೇಕೆ?

ಯಾಜಕವರ್ಗದಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳು ಕಂಡುಬರುತ್ತವೆ. ಡ್ರ್ಯಾಗನ್ ಸೈತಾನನ ಸಂಕೇತವಾಗಿರುವುದರಿಂದ ಅದರ ಮೇಲಿನ ಮೋಹ ಅಪಾಯಕರವೆಂದು ಕೆಲವರು ಎಚ್ಚರಿಸುತ್ತಾರೆ. ಇದು ಮಕ್ಕಳಾಟಿಕೆ, ದೈವಶಾಸ್ತ್ರಕ್ಕೆ ಸಂಬಂಧಿಸಿದ ವಿಷಯವಲ್ಲವೆಂದು ಉಳಿದವರು ಸುಮ್ಮನಾಗುತ್ತಾರೆ. ಈ ಎರಡೂ ನಿಲುವುಗಳು ಪವಿತ್ರ ಗ್ರಂಥವನ್ನು ಅರ್ಧ ಮಾತ್ರ ಓದಿದುದರ ಪರಿಣಾಮವೆಂಬುದು ಈ ಲೇಖನದ ವಾದ. ಡ್ರ್ಯಾಗನ್ನಿನ ಆಕರ್ಷಣೆಯ ಬೇರು, ಮನುಷ್ಯನ ಅಳತೆಗೆ ಒಳಪಡದ ಸೃಷ್ಟಿಯೊಂದು ಇರಲಿ ಎಂಬ ಹಂಬಲದಲ್ಲಿದೆ. ಆ ಹಂಬಲ ಯೋಗ್ಯವಾದುದು. ಆದರೆ ಅದೇ ಹಂಬಲ, ಆ ಸೃಷ್ಟಿ 'ನನ್ನದಾಗಲಿ' ಎಂಬ ಆಸೆಯಾಗಿ ಸುಲಭವಾಗಿ ತಿರುಗುತ್ತದೆ. ಇತ್ತೀಚಿನ ಫ್ಯಾಂಟಸಿ ಸಾಹಿತ್ಯ ಆ ತಿರುವಿನಲ್ಲಿ ನಿಂತಿದೆ.

ಉಗಮದ ವಿವರಣೆ ಆಕರ್ಷಣೆಯ ವಿವರಣೆಯಲ್ಲ

ಮೊದಲು ಐಹಿಕ ವಿವರಣೆಗಳನ್ನು ಗಮನಿಸುವುದು ನ್ಯಾಯ. ಮಾನವಶಾಸ್ತ್ರಜ್ಞ ಡೇವಿಡ್ ಇ. ಜೋನ್ಸ್ 2000ದಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ನಮ್ಮ ವಾನರ ಪೂರ್ವಜರನ್ನು ಬೇಟೆಯಾಡುತ್ತಿದ್ದ ಹಾವು, ದೊಡ್ಡ ಬೆಕ್ಕಿನ ಜಾತಿಯ ಮೃಗ ಮತ್ತು ಹದ್ದು ಇವುಗಳ ಭಯ ಒಂದುಗೂಡಿ ಡ್ರ್ಯಾಗನ್ನಿನ ರೂಪ ತಾಳಿತೆಂದು ವಾದಿಸಿದರು. ಪಳೆಯುಳಿಕೆಗಳನ್ನು ಆಧರಿಸಿದ ವಿವರಣೆಯೂ ಇದೆ. ಆಸ್ಟ್ರಿಯದ ಕ್ಲಾಗೆನ್‌ಫುರ್ಟ್ ನಗರದ ಚೌಕದಲ್ಲಿರುವ ಡ್ರ್ಯಾಗನ್ ಶಿಲ್ಪದ ತಲೆಗೆ ಮಾದರಿಯಾದದ್ದು, ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿ ದೊರೆತ ಹಿಮಯುಗದ ಘೇಂಡಾಮೃಗದ ತಲೆಬುರುಡೆ. ಜನರು ಅದನ್ನು ಡ್ರ್ಯಾಗನ್ನಿನದೆಂದೇ ನಂಬಿದ್ದರು.

ಇವು ತಳ್ಳಿಹಾಕತಕ್ಕ ವಿಚಾರಗಳಲ್ಲ. ಆದರೆ ಇವು ಹೇಳುವುದು ಡ್ರ್ಯಾಗನ್ನಿನ ಕಲ್ಪನೆ ಎಲ್ಲಿಂದ ಬಂದಿರಬಹುದೆಂಬುದನ್ನು. ಅದನ್ನು ಜನರು ಏಕೆ ಬಯಸುತ್ತಾರೆಂಬುದನ್ನಲ್ಲ. ಭಯವು ಪಲಾಯನವನ್ನು ವಿವರಿಸಬಲ್ಲುದು, ಹಂಬಲವನ್ನು ವಿವರಿಸಲಾರದು. ಹುಲಿಯ ಭಯವುಳ್ಳವನು ಹುಲಿಯಿಲ್ಲದ ಊರನ್ನು ಬಯಸುತ್ತಾನೆ. ಫ್ಯಾಂಟಸಿಯ ಓದುಗನಾದರೋ ಡ್ರ್ಯಾಗನ್ ಇಲ್ಲದ ಜಗತ್ತಿನಲ್ಲಿ ಕುಳಿತು ಡ್ರ್ಯಾಗನ್ ಇರುವ ಜಗತ್ತನ್ನು ಹುಡುಕಿಕೊಂಡು ಹೋಗುತ್ತಾನೆ.

ಟೋಲ್ಕಿನ್ ಈ ಅಂಶವನ್ನು ಸ್ಪಷ್ಟವಾಗಿ ಗುರುತಿಸಿದ್ದರು. ಅವರು ನಿಷ್ಠಾವಂತ ಕಥೋಲಿಕರು. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರು. ಯಕ್ಷಕಥೆಗಳನ್ನು ಕುರಿತು 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಅವರು ನೀಡಿದ, 1947ರಲ್ಲಿ ಪ್ರಬಂಧವಾಗಿ ಪ್ರಕಟವಾದ ಉಪನ್ಯಾಸದಲ್ಲಿ ಬಾಲ್ಯದ ತಮ್ಮ ಬಯಕೆಯನ್ನು ವಿವರಿಸುತ್ತಾರೆ. ತಮ್ಮ ನೆರೆಹೊರೆಗೆ ಡ್ರ್ಯಾಗನ್ ಬರುವುದು ಆ ಬಾಲಕನಿಗೆ ಬೇಕಿರಲಿಲ್ಲ. ಆದರೆ ಅಂಥದ್ದೊಂದು ಇರುವ ಜಗತ್ತು ಎಷ್ಟೇ ಅಪಾಯಕರವಾದರೂ ಹೆಚ್ಚು ಸುಂದರವೂ ಸಂಪನ್ನವೂ ಆಗಿ ಅವನಿಗೆ ತೋರಿತ್ತು. ಇಲ್ಲಿ ಬಯಕೆ ಇರುವುದು ಆ ಮೃಗದ ಇರವಿಗಾಗಿ. ಅದರ ಒಡೆತನಕ್ಕಾಗಿ ಅಲ್ಲ. ಈ ಭೇದವನ್ನು ನಾವು ಕೊನೆಯವರೆಗೆ ನೆನಪಿನಲ್ಲಿಡಬೇಕು.

ಪವಿತ್ರ ಗ್ರಂಥದ ಎರಡು ಸಾಕ್ಷ್ಯಗಳು

ಹಳೆಯ ಒಡಂಬಡಿಕೆಯಲ್ಲಿ ಈ ಮೃಗಕ್ಕೆ ಹಲವು ಹೆಸರುಗಳಿವೆ: ತನ್ನೀನ್, ಲಿವ್ಯಾತಾನ, ರಹಬ. ಇವುಗಳ ಹಿನ್ನೆಲೆಯಲ್ಲಿ ಸುತ್ತಲಿನ ಜನಾಂಗಗಳ ಪುರಾಣಗಳಿವೆ ಎಂಬುದನ್ನು ಹರ್ಮನ್ ಗುಂಕೆಲ್ 1895ರಷ್ಟು ಹಿಂದೆಯೇ ಬಾಬಿಲೋನಿಯದ ಮೂಲಗಳ ಆಧಾರದಿಂದ ತೋರಿಸಿದ್ದರು. 1929ರಿಂದ ಸಿರಿಯದ ರಾಸ್ ಶಮ್ರಾದಲ್ಲಿ ದೊರೆತ ಉಗಾರಿತ್ ಫಲಕಗಳು ಕಾನಾನ್ಯರ ಹಿನ್ನೆಲೆಯನ್ನೂ ಬೆಳಕಿಗೆ ತಂದವು. ಆ ಪುರಾಣಗಳಲ್ಲಿ ದೇವತೆಯು ಸಮುದ್ರದ ಮೃಗವನ್ನು ಕೊಂದು ಅರಸನಾಗುತ್ತಾನೆ. ಪವಿತ್ರ ಗ್ರಂಥದಲ್ಲಿಯೂ ಈ ಯುದ್ಧದ ಧ್ವನಿ ಉಳಿದಿದೆ. ಕೀರ್ತನೆ 74 ದೇವರು ಲಿವ್ಯಾತಾನನ ತಲೆಗಳನ್ನು ಜಜ್ಜಿದುದನ್ನು ಸ್ಮರಿಸುತ್ತದೆ. ಯೆಶಾಯ 27 ಆ ಮೃಗಕ್ಕೆ ಬರಲಿರುವ ದಂಡನೆಯನ್ನು ಸಾರುತ್ತದೆ. ಪ್ರಕಟನೆ ಗ್ರಂಥದ ಘಟಸರ್ಪ ಈ ಪರಂಪರೆಯ ಕೊನೆಯ ರೂಪ. ನಮ್ಮ ಪ್ರಬೋಧನೆಗಳು ಬಲ್ಲುದು ಇದೊಂದನ್ನೇ.

ಎರಡನೆಯ ಸಾಕ್ಷ್ಯ ಬೇರೆಯಾದುದು. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ 'ಬಾರಾ' ಎಂಬ ಕ್ರಿಯಾಪದ, ದೇವರು ಮಾತ್ರ ಮಾಡಬಲ್ಲ ಸೃಷ್ಟಿಕಾರ್ಯವನ್ನು ಸೂಚಿಸುವ ಪದ, ಆರಂಭದ ವಾಕ್ಯದಲ್ಲಿ ಬರುತ್ತದೆ; ಮುಂದೆ ಮನುಷ್ಯನ ಸೃಷ್ಟಿಯಲ್ಲಿ ಬರುತ್ತದೆ. ಇವೆರಡರ ನಡುವೆ ಅದು ಬರುವುದು ಒಂದೇ ಕಡೆ: ದೇವರು ದೊಡ್ಡ ತನ್ನೀನ್‌ಗಳನ್ನೂ ನೀರಿನ ಮತ್ತು ಗಗನದ ಜೀವಿಗಳನ್ನೂ ಸೃಷ್ಟಿಸಿದ 21ನೆಯ ವಚನದಲ್ಲಿ. ಬಾಬಿಲೋನಿನ ಪುರಾಣದಲ್ಲಿ ಕಡಲಿನ ದೇವತೆಯಾದ ತಿಯಾಮತಳ ಹೆಣವನ್ನು ಸೀಳಿ ಜಗತ್ತನ್ನು ಮಾಡಲಾಗುತ್ತದೆ. ಇಲ್ಲಿ ಕಡಲಿನ ಮೃಗ ಸ್ವತಃ ಸೃಷ್ಟಿ. ಒಳ್ಳೆಯದೆಂದು ದೇವರು ಕಂಡ ಸೃಷ್ಟಿ. ಅದರ ಮರುವಚನದಲ್ಲಿಯೇ ಪವಿತ್ರ ಗ್ರಂಥದ ಮೊತ್ತಮೊದಲ ಆಶೀರ್ವಾದ ಬರುತ್ತದೆ. ಮನುಷ್ಯನಿಗಿಂತ ಮೊದಲು ಆ ಆಶೀರ್ವಾದವನ್ನು ಪಡೆದವರ ಸಾಲಿನಲ್ಲಿ ತನ್ನೀನ್‌ಗಳೂ ಇವೆ.

ಕೀರ್ತನೆ 104 ಇನ್ನೂ ಮುಂದೆ ಹೋಗುತ್ತದೆ. ಹಡಗುಗಳು ಸಂಚರಿಸುವ ಮಹಾಸಾಗರದಲ್ಲಿ ಆಟವಾಡಲೆಂದೇ ದೇವರು ಲಿವ್ಯಾತಾನವನ್ನು ನಿರ್ಮಿಸಿದರೆಂದು ಅದು ಹೇಳುತ್ತದೆ. ಇಲ್ಲಿಯ ಹೀಬ್ರೂ ಪದವನ್ನು 'ಅದರಲ್ಲಿ ಆಡಲು' ಎಂದೂ 'ಅದರೊಡನೆ ಆಡಲು' ಎಂದೂ ಓದಬಹುದು. ಎರಡನೆಯ ಓದನ್ನು ಹಿಡಿದ ಯೆಹೂದ್ಯ ತಾಲ್ಮುದ್, ದೇವರು ದಿನದ ಕೊನೆಯ ಜಾವದಲ್ಲಿ ಲಿವ್ಯಾತಾನದೊಡನೆ ಆಡುತ್ತಾರೆಂದು ಕಲ್ಪಿಸಿತು. ಹೇಗೆ ಓದಿದರೂ ಆ ಮೃಗ ಯಾವ ಮನುಷ್ಯೋಪಯೋಗಕ್ಕೂ ಉಂಟಾದುದಲ್ಲ. ಅದು ಉಳುವುದಿಲ್ಲ, ಹಾಲು ಕೊಡುವುದಿಲ್ಲ, ಬಲಿಪೀಠಕ್ಕೆ ಬರುವುದಿಲ್ಲ. ಅದು ಆಡುತ್ತದೆ, ಅಷ್ಟೆ.

ಈ ಸಾಕ್ಷ್ಯದ ಶಿಖರ ಯೋಬನ ಗ್ರಂಥದ 41ನೆಯ ಅಧ್ಯಾಯ. ಬಾಯಿಂದ ಬೆಂಕಿ, ಮೂಗಿನಿಂದ ಹೊಗೆ, ಗುರಾಣಿಗಳನ್ನು ಜೋಡಿಸಿದಂತಹ ಚರ್ಮ: ಓದುಗರು ಇಂದು ಪ್ರೀತಿಸುವ ಡ್ರ್ಯಾಗನ್ನಿನ ಲಕ್ಷಣಗಳೆಲ್ಲ, ರೆಕ್ಕೆಗಳ ಹೊರತು, ಅಲ್ಲಿವೆ. ವರ್ಣಿಸುತ್ತಿರುವವರು ದೇವರು, ವರ್ಣನೆಯಲ್ಲಿರುವುದು ಹೆಮ್ಮೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ನ್ಯಾಯ ಕೇಳುತ್ತಿರುವ ಮನುಷ್ಯನಿಗೆ ದೇವರು ಕೊನೆಯದಾಗಿ ತೋರಿಸುವುದು ಈ ಮೃಗವನ್ನು. ತೋರಿಸಿ ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ: ಅದು ನಿನ್ನೊಡನೆ ಒಡಂಬಡಿಕೆ ಮಾಡಿಕೊಂಡು ಸದಾ ನಿನ್ನ ದಾಸನಾಗುವುದೇ? ಹಕ್ಕಿಯೊಡನೆ ಆಡುವಂತೆ ನೀನು ಅದರೊಡನೆ ಆಡಬಲ್ಲೆಯಾ? ನಿನ್ನ ಮನೆಯ ಹೆಣ್ಣುಮಕ್ಕಳಿಗಾಗಿ ಅದನ್ನು ಹಗ್ಗದಿಂದ ಕಟ್ಟಬಲ್ಲೆಯಾ?

ಈ ಪ್ರಶ್ನೆಗಳಿಗೆ ನಿರೀಕ್ಷಿತ ಉತ್ತರ 'ಇಲ್ಲ' ಎಂಬುದು. ಆ 'ಇಲ್ಲ' ಯೋಬನನ್ನು ಕುಗ್ಗಿಸುವುದಿಲ್ಲ. ಅವನ ದುಃಖದ ಲೆಕ್ಕಾಚಾರಕ್ಕಿಂತ ವಿಶಾಲವಾದ ಸೃಷ್ಟಿಯ ನಡುವೆ ಅವನನ್ನು ತಂದು ನಿಲ್ಲಿಸುತ್ತದೆ. ದೇವರ ಒಳ್ಳೆಯತನವನ್ನು ಯಾವ ಒಂದು ಸೃಷ್ಟಿಯೂ ಪೂರ್ಣವಾಗಿ ಪ್ರತಿಬಿಂಬಿಸಲಾರದ ಕಾರಣ ದೇವರು ಬಹುವಿಧ ಸೃಷ್ಟಿಗಳನ್ನು ಉಂಟುಮಾಡಿದರೆಂದು ಸಂತ ತೋಮಾಸ್ ಅಕ್ವಿನಾಸರು 'ಸುಮ್ಮಾ'ದ ಮೊದಲ ಭಾಗದ 47ನೆಯ ಪ್ರಶ್ನೆಯಲ್ಲಿ ಬೋಧಿಸುತ್ತಾರೆ. ವಿಶ್ವಗುರು ಫ್ರಾನ್ಸಿಸರು 2015ರ 'ಲೌದಾತೋ ಸಿ'' ವಿಶ್ವಪತ್ರದ 86ನೆಯ ಪರಿಚ್ಛೇದದಲ್ಲಿ ಇದೇ ಬೋಧನೆಯನ್ನು ಸ್ಮರಿಸುತ್ತಾರೆ. ಕೇವಲ ಉಪಯೋಗಕ್ಕೆ ಒದಗುವ ವಸ್ತುಗಳಿಂದ ತುಂಬಿದ ಜಗತ್ತಿನಲ್ಲಿ ಬೆಳೆದ ಯುವಕನೊಬ್ಬ ಡ್ರ್ಯಾಗನ್ನನ್ನು ಹಂಬಲಿಸಿದರೆ, ಅವನು ತಿಳಿಯದೆಯೇ ಯೋಬನ ಜಾಗದಲ್ಲಿ ನಿಂತಿರುತ್ತಾನೆ.

'ನನ್ನದು' ಎನ್ನುವ ಮೃಗ

ಹಾಗಾದರೆ ಒಳ್ಳೆಯದಾದ ಈ ಸೃಷ್ಟಿ ಕೇಡಿನ ಸಂಕೇತವಾದುದು ಹೇಗೆ? ಪ್ರವಾದಿ ಯೆಹೆಜ್ಕೇಲನಲ್ಲಿ ಇದಕ್ಕೆ ಉತ್ತರವಿದೆ. 29ನೆಯ ಅಧ್ಯಾಯದಲ್ಲಿ ಪ್ರವಾದಿಯು ಐಗುಪ್ತದ ಫರೋಹನನ್ನು ನದಿಯ ನಡುವೆ ಮಲಗಿರುವ ದೊಡ್ಡ ತನ್ನೀನ್ ಎಂದು ಕರೆಯುತ್ತಾನೆ. ಅವನ ಅಪರಾಧ ಒಂದೇ: ನೈಲ್ ನದಿ ನನ್ನದು, ಅದನ್ನು ಮಾಡಿದವನು ನಾನೇ ಎಂದು ಅವನು ಹೇಳಿಕೊಂಡದ್ದು. ಮೃಗ ಕೆಟ್ಟದ್ದಾಗುವುದು ಅದರ ಗಾತ್ರದಿಂದಲ್ಲ, ಬೆಂಕಿಯಿಂದಲೂ ಅಲ್ಲ, 'ನನ್ನದು' ಎಂಬ ಮಾತಿನಿಂದ. ಪ್ರಕಟನೆ ಗ್ರಂಥದ ಘಟಸರ್ಪವೂ 13ನೆಯ ಅಧ್ಯಾಯದಲ್ಲಿ ತನ್ನ ಸಿಂಹಾಸನವನ್ನು ಸಾಮ್ರಾಜ್ಯರೂಪದ ಮೃಗಕ್ಕೆ ಒಪ್ಪಿಸುತ್ತದೆ. ಆಡುವ ಲಿವ್ಯಾತಾನಕ್ಕೂ ಹಿಡಿದಿಟ್ಟುಕೊಳ್ಳುವ ಘಟಸರ್ಪಕ್ಕೂ ಇರುವ ವ್ಯತ್ಯಾಸ ಇದು.

ಉತ್ತರ ಯೂರೋಪಿನ ಕಥನಪರಂಪರೆ ಇದೇ ಸತ್ಯವನ್ನು ನಿಧಿಯ ರೂಪದಲ್ಲಿ ಕಂಡಿತು. ನಿಧಿ ಕಾಯುವ ಸರ್ಪ ನಮ್ಮ ಜನಪದ ಕಥೆಗಳಿಗೂ ಹೊಸದಲ್ಲ. ಐಸ್‌ಲೆಂಡಿನ ವೋಲ್ಸುಂಗ ಕಥನದಲ್ಲಿ ಫಾಫ್ನಿರ್ ಹುಟ್ಟಿನಿಂದ ಡ್ರ್ಯಾಗನ್ ಅಲ್ಲ. ಚಿನ್ನಕ್ಕಾಗಿ ತಂದೆಯನ್ನು ಕೊಂದು, ಅದರ ಮೇಲೆ ಮಲಗಿ ಡ್ರ್ಯಾಗನ್ ಆದವನು. 'ಬೇವುಲ್ಫ್' ಕಾವ್ಯದ ಕೊನೆಯ ಭಾಗದಲ್ಲಿ ಒಂದು ಬಟ್ಟಲು ಕಳವಾದ ಕಾರಣಕ್ಕೆ ಡ್ರ್ಯಾಗನ್ ಇಡೀ ನಾಡನ್ನು ಸುಡುತ್ತದೆ. ಮುದಿ ಅರಸ ಅದನ್ನು ಕೊಂದು ತಾನೂ ಸಾಯುತ್ತಾನೆ. ಗೆದ್ದ ಚಿನ್ನವನ್ನು ಜನರು ಅವನ ಸಮಾಧಿಯಲ್ಲಿ ಮತ್ತೆ ಮಣ್ಣುಪಾಲು ಮಾಡುತ್ತಾರೆ. ಆ ಕಾವ್ಯದ ರಾಕ್ಷಸರನ್ನು ಅಂದಿನ ವಿದ್ವಾಂಸರು ಕಾವ್ಯದ ದೋಷವೆಂಬಂತೆ ಕಾಣುತ್ತಿದ್ದಾಗ, ಅವೇ ಕಾವ್ಯದ ಕೇಂದ್ರವೆಂದು ಟೋಲ್ಕಿನ್ 1936ರಲ್ಲಿ ಬ್ರಿಟಿಷ್ ಅಕಾಡೆಮಿಯ ಉಪನ್ಯಾಸದಲ್ಲಿ ಸಾಧಿಸಿದರು.

ಮರುವರ್ಷ ಬಂದ 'ದಿ ಹಾಬಿಟ್' ಆ ಉಪನ್ಯಾಸದ ಸೃಜನಶೀಲ ಮುಂದುವರಿಕೆಯಂತಿದೆ. ಅದರ ಡ್ರ್ಯಾಗನ್ ಆದ ಸ್ಮಾಗ್ ಮಾತನಾಡುತ್ತದೆ, ಮರುಳು ಮಾಡುತ್ತದೆ, ತನ್ನ ರಾಶಿಯಲ್ಲಿ ಒಂದು ಬಟ್ಟಲು ಕಡಿಮೆಯಾದುದನ್ನು ಕೂಡಲೇ ಅರಿಯುತ್ತದೆ. ಆದರೆ ಕಾದಂಬರಿಯ ನಿಜವಾದ ದೈವಶಾಸ್ತ್ರ ಇರುವುದು ಸ್ಮಾಗ್ ಸತ್ತ ಮೇಲೆ. ಬಾರ್ಡ್ ಎಂಬವನ ಬಾಣಕ್ಕೆ ಅದು ಬಲಿಯಾದ ಬಳಿಕ, ಕುಬ್ಜರ ಅರಸ ಥೋರಿನ್ ಅದೇ ಚಿನ್ನದ ಮೇಲೆ ಕುಳಿತು, ಮನೆಮಠ ಕಳೆದುಕೊಂಡವರಿಗೆ ಪಾಲು ಕೊಡಲೊಪ್ಪದೆ ಬಾಗಿಲು ಮುಚ್ಚಿಕೊಳ್ಳುತ್ತಾನೆ. ಡ್ರ್ಯಾಗನ್ ಸತ್ತಿದೆ, ಡ್ರ್ಯಾಗನ್‌ತನ ಸತ್ತಿಲ್ಲ. ಅದಕ್ಕೆ ಮದ್ದಾಗಿ ಬರುವುದು ಕತ್ತಿಯಲ್ಲ. ಬಿಲ್ಬೋ ತನ್ನ ಕೈಸೇರಿದ ಅಮೂಲ್ಯ ರತ್ನವನ್ನು ಶಾಂತಿಗಾಗಿ ಬಿಟ್ಟುಕೊಡುವುದೇ ಆ ಮದ್ದು.

ಸಿ. ಎಸ್. ಲೂಯಿಸರು 1952ರ 'ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್' ಕಾದಂಬರಿಯಲ್ಲಿ ಇದನ್ನೇ ಜ್ಞಾನಸ್ನಾನದ ಕಥೆಯಾಗಿಸಿದರು. ಯೂಸ್ಟೇಸ್ ಎಂಬ ಸ್ವಾರ್ಥಿ ಬಾಲಕ ಡ್ರ್ಯಾಗನ್ನಿನ ನಿಧಿಯ ಮೇಲೆ ದುರಾಸೆಯ ಯೋಚನೆಗಳೊಡನೆ ನಿದ್ರಿಸಿ, ಎಚ್ಚರವಾದಾಗ ತಾನೇ ಡ್ರ್ಯಾಗನ್ ಆಗಿರುತ್ತಾನೆ. ತನ್ನ ಚರ್ಮವನ್ನು ತಾನೇ ಸುಲಿಯಲು ಅವನು ಮೂರು ಬಾರಿ ಯತ್ನಿಸುತ್ತಾನೆ; ಪ್ರತಿ ಬಾರಿಯೂ ಅಡಿಯಲ್ಲಿ ಇನ್ನೊಂದು ಚರ್ಮ. ಕೊನೆಗೆ ಸಿಂಹವಾದ ಆಸ್ಲಾನ್ ತನ್ನ ಉಗುರುಗಳಿಂದ ಆಳವಾಗಿ ಸೀಳಿ, ಅವನನ್ನು ನೀರಿನಲ್ಲಿ ಎಸೆದು ಮತ್ತೆ ಬಾಲಕನನ್ನಾಗಿ ಮಾಡುತ್ತದೆ. ವರಪ್ರಸಾದದ ಅಗತ್ಯವನ್ನು, ಸ್ವಪ್ರಯತ್ನದ ಮಿತಿಯನ್ನು ಮಕ್ಕಳಿಗೆ ಇಷ್ಟು ಸ್ಪಷ್ಟವಾಗಿ ತಿಳಿಸುವ ಪುಟಗಳು ವಿರಳ. ಪೆಲಾಗಿಯುಸನ ವಾದವನ್ನು ತರಗತಿಯಲ್ಲಿ ಖಂಡಿಸುವವರು ಈ ದೃಶ್ಯವನ್ನು ಧಾರಾಳವಾಗಿ ಬಳಸಬಹುದು.

ಬೆನ್ನೇರಿದ ಮನುಷ್ಯ

1960ರ ದಶಕದ ಕೊನೆಯಿಂದ ಮತ್ತೊಂದು ಬಗೆಯ ಡ್ರ್ಯಾಗನ್ ಪ್ರಧಾನವಾಯಿತು. ಮೆಕ್ಯಾಫ್ರಿಯವರ ಪರ್ನ್ ಲೋಕದಲ್ಲಿ, ಮೊಟ್ಟೆಯಿಂದ ಹೊರಬಂದ ಕ್ಷಣದಲ್ಲಿಯೇ ಮರಿಯು ಒಬ್ಬ ಮನುಷ್ಯನನ್ನು ಆರಿಸಿಕೊಳ್ಳುತ್ತದೆ. ಅಂದಿನಿಂದ ಇಬ್ಬರೂ ಮನಸ್ಸಿನಲ್ಲಿ ಒಂದು. ಕ್ರಿಸ್ಟೋಫರ್ ಪಾವ್ಲೀನಿಯವರ 'ಎರಗಾನ್' ಇದನ್ನು ಹೊಸ ಶತಮಾನದ ಬಾಲಕರಿಗೆ ತಲುಪಿಸಿತು. 'ಫೋರ್ತ್ ವಿಂಗ್' ಕಾದಂಬರಿಯಲ್ಲಿ ಯುದ್ಧವಿದ್ಯಾಲಯದ ದುರ್ಬಲ ದೇಹದ ತರುಣಿಯೊಬ್ಬಳನ್ನು ಬಲಿಷ್ಠವಾದ ಡ್ರ್ಯಾಗನ್ನೇ ಆರಿಸಿಕೊಳ್ಳುತ್ತದೆ.

ಈ ಕಥನದ ಆಕರ್ಷಣೆಯನ್ನು ಕೇವಲ ಅಧಿಕಾರದ ಆಸೆಯೆಂದು ತಳ್ಳಿಬಿಡುವುದು ಅನ್ಯಾಯ. ಇಲ್ಲಿ ಆಯ್ಕೆ ಮಾಡುವುದು ಮೃಗವೇ ಹೊರತು ಮನುಷ್ಯನಲ್ಲ. ಅರ್ಹತೆಯಿಲ್ಲದವನನ್ನು ತನಗಿಂತ ದೊಡ್ಡದಾದ ಒಂದು ಜೀವ ಹುಡುಕಿ ಬಂದು, ಮಾತಿಲ್ಲದೆಯೇ ಅರಿತು, ಎಂದಿಗೂ ಕೈಬಿಡದಿರುವುದು: ಇದು ಆಯ್ಕೆ ಮತ್ತು ಒಡಂಬಡಿಕೆಯ ಭಾಷೆ. ತನ್ನನ್ನು ಯಾರೂ ಅರಿಯಲಿಲ್ಲವೆಂಬ ಒಂಟಿತನದಲ್ಲಿರುವ ಯುವತಿಗೆ ಅದು ತಟ್ಟದಿದ್ದರೆ ಆಶ್ಚರ್ಯ. ದೇವರು ಧರ್ಮೋಪದೇಶಕಾಂಡದಲ್ಲಿ ಅತ್ಯಲ್ಪ ಜನಾಂಗವನ್ನು ಪ್ರೀತಿಯಿಂದಲೇ ಆರಿಸಿಕೊಂಡ ಸಂಗತಿಯನ್ನು ಅವಳಿಗೆ ಮನಮುಟ್ಟುವಂತೆ ಹೇಳಿದವರುಂಟೇ ಎಂದು ನಾವು ಕೇಳಿಕೊಳ್ಳಬೇಕು.

ಆದರೂ ಈ ಕಥನಕ್ಕೆ ಒಂದು ಮೂಲಭೂತ ಕೊರತೆಯಿದೆ. ದೇವರು ಯೋಬನಿಗೆ ಕೇಳಿದ ಪ್ರಶ್ನೆಗಳಿಗೆ ಇದು 'ಹೌದು' ಎಂದು ಉತ್ತರಿಸುತ್ತದೆ. ಹೌದು, ಅದು ನನ್ನೊಡನೆ ಒಡಂಬಡಿಕೆ ಮಾಡಿಕೊಳ್ಳುವುದು. ಹೌದು, ನಾನು ಅದಕ್ಕೆ ಜೀನು ಹಾಕುವೆನು. ಮನುಷ್ಯನ ಅಳತೆಗೆ ಮೀರಿದುದು ಮನುಷ್ಯನ ವಾಹನವಾಗುತ್ತದೆ. ಸ್ಮಾಗ್‌ನ ಎದುರು ಓದುಗ ತನ್ನ ದುರಾಸೆಯನ್ನು ಕಾಣುತ್ತಿದ್ದ; ಯೂಸ್ಟೇಸನೊಡನೆ ತನ್ನ ಚರ್ಮ ಸುಲಿಸಿಕೊಳ್ಳುತ್ತಿದ್ದ. ಬೆನ್ನೇರಿದ ಸವಾರನಿಗೆ ಹೆಚ್ಚಾಗಿ ಪರಿವರ್ತನೆಯ ಅಗತ್ಯವೇ ಬೀಳುವುದಿಲ್ಲ. ಅವನು ಮೊದಲೇ ವಿಶೇಷನಾಗಿದ್ದ. ಮೃಗ ಅದನ್ನು ಗುರುತಿಸಿತು, ಅಷ್ಟೆ. 'ನನ್ನ ಡ್ರ್ಯಾಗನ್' ಎಂಬ ಮಾತಿನಲ್ಲಿ ಫರೋಹನ ಆ ಒಂದು ಪದ ಮೃಗದ ಬಾಯಿಂದ ಮನುಷ್ಯನ ಬಾಯಿಗೆ ದಾಟಿರುತ್ತದೆ.

ಸ್ವತಃ ಫ್ಯಾಂಟಸಿ ಸಾಹಿತ್ಯವೇ ಈ ಅಪಾಯವನ್ನು ಅರಿಯದೆ ಇಲ್ಲ. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯಲ್ಲಿ ಡನೇರಿಸ್ ಗುಲಾಮರನ್ನು ಬಿಡಿಸುವ ವಿಮೋಚಕಿಯಾಗಿ, ಡ್ರ್ಯಾಗನ್‌ಗಳ ತಾಯಿಯಾಗಿ ಕೋಟ್ಯಂತರ ವೀಕ್ಷಕರ ಪ್ರೀತಿ ಗಳಿಸಿದಳು. 2019ರಲ್ಲಿ ಅಂತಿಮ ಕಂತಿಗೆ ಹಿಂದಿನ ಕಂತಿನಲ್ಲಿ, ಶರಣಾದ ನಗರವನ್ನು ಅವಳು ಅದೇ ಡ್ರ್ಯಾಗನ್ನಿನ ಬೆನ್ನಿನಿಂದ ಸುಟ್ಟುಹಾಕಿದಾಗ ಹಲವರು ಕೆರಳಿದರು. ಆ ತಿರುವಿಗೆ ಸಾಕಷ್ಟು ಸಿದ್ಧತೆ ಇರಲಿಲ್ಲವೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕೆರಳಿಕೆಯ ಇನ್ನೊಂದು ಕಾರಣ, ಬೆಂಕಿಯು ನಮ್ಮ ಮೆಚ್ಚಿನವಳ ಕೈಯಲ್ಲಿರುವವರೆಗೆ ಅದು ನೀತಿಯೆಂದು ವೀಕ್ಷಕರು ಒಪ್ಪಿಕೊಂಡಿದ್ದುದು. ಕೊನೆಯ ಕಂತಿನಲ್ಲಿ, ಅವಳು ಹತಳಾದ ಮೇಲೆ, ಡ್ರ್ಯಾಗನ್ ಸೇಡು ತೀರಿಸಿಕೊಳ್ಳದೆ ಉಕ್ಕಿನ ಸಿಂಹಾಸನವನ್ನು ಕರಗಿಸಿ ಹಾರಿಹೋಗುತ್ತದೆ. ಮನುಷ್ಯರು ಬಿಡಲಾರದುದನ್ನು ಮೃಗವೇ ಇಲ್ಲವಾಗಿಸುತ್ತದೆ.

ಇದಕ್ಕೆ ಸಮೀಪದ ಅರಿವು ಮಕ್ಕಳ ಚಿತ್ರವೊಂದರಲ್ಲಿಯೂ ಇದೆ. 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್' ಚಿತ್ರಸರಣಿ 2010ರಲ್ಲಿ ಆರಂಭವಾದುದು ಪಳಗಿಸುವ ಕಥೆಯಾಗಿ. ಹಿಕಪ್ ಎಂಬ ಬಾಲಕ ತಾನೇ ಗಾಯಗೊಳಿಸಿದ ಡ್ರ್ಯಾಗನ್ನಿಗೆ ಕೃತಕ ಬಾಲದ ರೆಕ್ಕೆ ಮಾಡಿಕೊಟ್ಟು ಅದರ ಗೆಳೆಯನಾಗುತ್ತಾನೆ. 2019ರ ಮೂರನೆಯ ಚಿತ್ರದಲ್ಲಿ ಅವನು ಆ ಗೆಳೆಯನನ್ನು ಅದರ ಲೋಕಕ್ಕೆ ಕಳುಹಿಸಿಕೊಡುತ್ತಾನೆ. ಸರಣಿಯ ಹೆಸರು ಪಳಗಿಸುವುದನ್ನು ಹೇಳುತ್ತದೆ, ಅಂತ್ಯ ಬಿಟ್ಟುಕೊಡುವುದನ್ನು.

ಲೆ ಗ್ವಿನ್ ಕ್ರೈಸ್ತರಲ್ಲ; ಅವರ ಒಲವು ಚೀನಾದ ತಾವೋ ಚಿಂತನೆಯ ಕಡೆಗೆ. ಆದರೂ ಈ ವಿಷಯದಲ್ಲಿ ಅವರ ಸಾಕ್ಷ್ಯ ಯೋಬನ ಗ್ರಂಥಕ್ಕೆ ಅತ್ಯಂತ ಸಮೀಪವಾದುದು. 1968ರ ಕಾದಂಬರಿಯಲ್ಲಿ ತರುಣ ಮಾಂತ್ರಿಕ ಗೆಡ್, ಪೆಂಡರ್ ದ್ವೀಪದ ಡ್ರ್ಯಾಗನ್ನಿನ ನಿಜನಾಮವನ್ನು ಅರಿತು ಅದರ ಎದುರು ನಿಲ್ಲುತ್ತಾನೆ. ಅವನನ್ನು ಬೆನ್ನಟ್ಟುತ್ತಿರುವ ನೆರಳಿನ ಹೆಸರನ್ನು ಹೇಳಿಕೊಡುವುದಾಗಿ ಡ್ರ್ಯಾಗನ್ ಆಮಿಷ ಒಡ್ಡುತ್ತದೆ. ಅವನು ಅದನ್ನು ನಿರಾಕರಿಸಿ, ದ್ವೀಪವಾಸಿಗಳ ಮೇಲೆ ಇನ್ನೆಂದೂ ಎರಗುವುದಿಲ್ಲವೆಂಬ ಪ್ರಮಾಣವನ್ನಷ್ಟೇ ಪಡೆದು ಹಿಂದಿರುಗುತ್ತಾನೆ. 2001ರ 'ದಿ ಅದರ್ ವಿಂಡ್' ಕಾದಂಬರಿಯಲ್ಲಿ, ಮನುಷ್ಯರೂ ಡ್ರ್ಯಾಗನ್‌ಗಳೂ ಒಂದು ಕಾಲಕ್ಕೆ ಒಂದೇ ಕುಲವಾಗಿದ್ದರೆಂದೂ, ಬೇರೆಯಾಗುವಾಗ ಡ್ರ್ಯಾಗನ್‌ಗಳು ಸ್ವಾತಂತ್ರ್ಯವನ್ನೂ ಮನುಷ್ಯರು ಸ್ವತ್ತನ್ನೂ ಆರಿಸಿಕೊಂಡರೆಂದೂ ತಿಳಿಯುತ್ತದೆ. ಅಲ್ಲಿ ನಿಧಿಯ ಮೇಲೆ ಮಲಗಿರುವವರು ನಾವೇ.

ಪ್ರಬೋಧನೆಗೆ ಇದರ ಅರ್ಥ

ಇಷ್ಟೆಲ್ಲ ಚರ್ಚೆ ಗುರುವಿದ್ಯಾರ್ಥಿಗಳಿಗೆ ಏಕೆ ಬೇಕು? ಕೇಡನ್ನು ಕುರಿತು ನಾವು ಹೇಗೆ ಬೋಧಿಸುತ್ತೇವೆಂಬುದು ಇಲ್ಲಿ ಪಣದಲ್ಲಿರುವುದರಿಂದ. ಸಂತ ಜಾರ್ಜರ ಪ್ರತಿಮೆಯನ್ನು ತೋರಿಸಿ, ಭಕ್ತನು ಈಟಿ ಹಿಡಿದು ಡ್ರ್ಯಾಗನ್ನನ್ನು ಕೊಲ್ಲುವಂತೆ ಪಾಪವನ್ನು ಕೊಲ್ಲಬೇಕೆಂದು ಹೇಳುವುದು ಸುಲಭ. ಅಪಾಯ ಏನೆಂದರೆ, ಈಟಿ ಹಿಡಿದವನು ಡ್ರ್ಯಾಗನ್ ಯಾವಾಗಲೂ ತನ್ನ ಹೊರಗೆ, ಇನ್ನೊಬ್ಬರಲ್ಲಿ ಇದೆಯೆಂದು ನಂಬತೊಡಗುತ್ತಾನೆ. ಇನ್ನೊಂದು ಪಂಗಡ, ಇನ್ನೊಂದು ಧರ್ಮ, ಇನ್ನೊಂದು ಜಾತಿ ಅವನಿಗೆ ಡ್ರ್ಯಾಗನ್ ಆಗಿ ಕಾಣುತ್ತದೆ. ಥೋರಿನನ ಕಥೆ ಇದಕ್ಕೆ ಮದ್ದು.

ಸಂತ ಜಾರ್ಜರ ಕಥೆಯನ್ನೇ ಪೂರ್ಣವಾಗಿ ಓದಿದರೂ ಸಾಕು. ಹದಿಮೂರನೆಯ ಶತಮಾನದ 'ಸುವರ್ಣ ಪುರಾಣ'ದಲ್ಲಿ, ಈಟಿಯಿಂದ ಗಾಯಗೊಂಡ ಡ್ರ್ಯಾಗನ್ನಿನ ಕೊರಳಿಗೆ ರಾಜಕುಮಾರಿ ತನ್ನ ಸೊಂಟಪಟ್ಟಿಯನ್ನು ಕಟ್ಟುತ್ತಾಳೆ. ಅದು ಸಾಧು ನಾಯಿಯಂತೆ ಅವಳ ಹಿಂದೆ ನಗರಕ್ಕೆ ನಡೆಯುತ್ತದೆ. ಅದರ ವಧೆ ನಡೆಯುವುದು ಆಮೇಲೆ. ಫ್ರಾನ್ಸಿನ ತರಾಸ್ಕೋನಿನಲ್ಲಿ ಸಂತ ಮಾರ್ಥಳೂ ಮೃಗವನ್ನು ಹೀಗೆಯೇ ಕಟ್ಟಿ ತಂದಳೆಂಬುದು ಐತಿಹ್ಯ. ಬೆಲ್ಜಿಯಮಿನ ಮೋನ್ಸ್ ನಗರದಲ್ಲಿ ಪ್ರತಿವರ್ಷ ತ್ರಿತ್ವದ ಭಾನುವಾರದಂದು ಸಂತ ಜಾರ್ಜರು ಡ್ರ್ಯಾಗನ್ನಿನೊಡನೆ ಹೋರಾಡುವ ಪ್ರದರ್ಶನ ನಡೆಯುತ್ತದೆ. ಅದರ ಬಾಲದ ಕೂದಲೊಂದು ಸಿಕ್ಕರೆ ಶುಭವೆಂದು ಜನರು ಮುಗಿಬೀಳುತ್ತಾರೆ. ಸಂತರನ್ನು ಗೌರವಿಸುತ್ತಲೇ ಮೃಗವನ್ನು ಪ್ರೀತಿಸಿದ ಈ ವಿಶ್ವಾಸಿಗಳಿಗೆ ಫ್ಯಾಂಟಸಿ ಕಾದಂಬರಿಗಳ ಪರಿಚಯವಿರಲಿಲ್ಲ. ಅವರ ಪ್ರೀತಿ ನಾಸ್ತಿಕತೆಯೂ ಅಲ್ಲ, ಸೈತಾನಪೂಜೆಯೂ ಅಲ್ಲ.

ಘಟಸರ್ಪದ ಸೋಲನ್ನು ಕುರಿತು ಬೋಧಿಸುವಾಗಲೂ ಪಠ್ಯಕ್ಕೆ ನಿಷ್ಠರಾಗಿರೋಣ. ಮಿಕಾಯೇಲನ ಯುದ್ಧವನ್ನು ವರ್ಣಿಸಿದ ಕೂಡಲೇ ಪ್ರಕಟನೆ 12:11 ವಿಶ್ವಾಸಿಗಳ ಜಯದ ಕಾರಣವನ್ನು ಹೇಳುತ್ತದೆ: ಯಜ್ಞದ ಕುರಿಮರಿಯ ರಕ್ತ, ಅವರ ಸಾಕ್ಷ್ಯದ ಮಾತು, ಪ್ರಾಣವನ್ನೂ ಹಿಡಿದಿಟ್ಟುಕೊಳ್ಳದ ಅವರ ಮನಸ್ಸು. 'ನನ್ನದು' ಎನ್ನುವ ಮೃಗ ಸೋಲುವುದು ತಮ್ಮ ಪ್ರಾಣವನ್ನೂ ತಮ್ಮದೆನ್ನದವರ ಮುಂದೆ. ಬಿಲ್ಬೋ, ಗೆಡ್, ಹಿಕಪ್ ಇವರ ಬಿಟ್ಟುಕೊಡುವಿಕೆಗಳು ಆ ಜಯದ ದೂರದ ಪ್ರತಿಧ್ವನಿಗಳು. ಅವು ಶುಭಸಂದೇಶವಲ್ಲ, ಶುಭಸಂದೇಶವನ್ನು ಕೇಳಲು ಕಿವಿಯನ್ನು ಅಣಿಗೊಳಿಸಬಲ್ಲವು.

ಆದುದರಿಂದ ಡ್ರ್ಯಾಗನ್ ಪುಸ್ತಕವನ್ನು ಕೈಯಲ್ಲಿ ಹಿಡಿದು ಬರುವ ಯುವಕನಿಗೆ ಅದನ್ನು ಓದಬೇಡವೆನ್ನುವ ಮೊದಲು, ಆ ಪುಸ್ತಕದಲ್ಲಿ ಡ್ರ್ಯಾಗನ್ ಯಾರದು ಎಂದು ಕೇಳುವುದು ಉಚಿತ. ಯಾರದೂ ಅಲ್ಲ ಎಂಬ ಉತ್ತರ ಬಂದರೆ ಅವನಿಗೆ ಯೋಬನ ಗ್ರಂಥದ 41ನೆಯ ಅಧ್ಯಾಯವನ್ನು ಓದಲು ಕೊಡಬಹುದು. ನಾಯಕನದು ಎಂಬ ಉತ್ತರ ಬಂದರೆ ಅದೇ ಅಧ್ಯಾಯವನ್ನು ಇನ್ನೂ ಅಗತ್ಯವಾಗಿ ಕೊಡಬೇಕು.

ದೈನಂದಿನ ಪ್ರಾರ್ಥನಾವಿಧಿಯ ಮೂರನೆಯ ವಾರದ ಭಾನುವಾರ ಮುಂಜಾನೆ ನಾವು 148ನೆಯ ಕೀರ್ತನೆಯನ್ನು ಹಾಡುತ್ತೇವೆ. ಅದರ ಏಳನೆಯ ವಚನ ಭೂಮಿಯಿಂದ ದೇವರನ್ನು ಸ್ತುತಿಸಲು ಮೊದಲು ಕರೆಯುವುದು ಅರಸರನ್ನಲ್ಲ, ತನ್ನೀನ್‌ಗಳನ್ನು. ಲತೀನ್ ವುಲ್ಗಾತದಲ್ಲಿ ಆ ಪದ 'ದ್ರಾಕೋನೆಸ್'. ಅರಸರೂ ಯುವಕ ಯುವತಿಯರೂ ಆ ಗಾನಮೇಳದಲ್ಲಿ ಸೇರಿಕೊಳ್ಳುವುದು ಅವುಗಳ ನಂತರ.